ನಿಯತ್ತು ಅನ್ನುವ ಪದದ ಬಗ್ಗೆ ನಾಲ್ಕು ಮಾತು

ಇದು ಒಂದು ಕಾಲೇಜಿನ ಕನ್ನಡ ಸಂಘದಲ್ಲಿ ಆಡಿದ ಮಾತು. ಕೈಯಲ್ಲಿ ಒಂದು ಸಣ್ಣ ಚೀಟಿ ಇತ್ತು, ಅಷ್ಟೇ. ಆಮೇಲೆ ನೆನಪು ಮಾಡಿಕೊಂಡು ಬರೆದಿದ್ದೇನೆ. ಮಕ್ಕಳು ಕೊನೆಗೆ ಕೇಳಿದ ಪ್ರಶ್ನೆಗಳನ್ನೂ ಮಾತಿನ ಒಳಗೇ ಸೇರಿಸಿದ್ದೇನೆ.

ಶುರುವಿನಲ್ಲೇ ಸಭೆಗೆ ಒಂದು ಖಾಲಿ ಜಾಗ ತುಂಬಲು ಹೇಳಿದೆ. "ನಾಯಿಗಿರೋ ಡ್ಯಾಶ್ ಮನುಷ್ಯನಿಗಿಲ್ಲ." ಹೇಳಿ ಮುಗಿಸುವ ಮುಂಚೆಯೇ ಇಡೀ ಸಭೆ ಒಂದೇ ದನಿಯಲ್ಲಿ "ನಿಯತ್ತು" ಅಂತ ಕೂಗಿತು. ಒಬ್ಬರ ಬಾಯಲ್ಲೂ ಪ್ರಾಮಾಣಿಕತೆ ಬರಲಿಲ್ಲ. ಸರಿ, ಇನ್ನೊಂದು ಕೇಳಿದೆ. ಕೆಲಸಕ್ಕೆ ಅರ್ಜಿ ಹಾಕುವಾಗ ನಿಮ್ಮ ಗುಣ ಏನಂತ ಬರೆಯುತ್ತೀರಿ? ಈಗ "ಪ್ರಾಮಾಣಿಕ" ಬಂತು. ನಿಯತ್ತು ಅಂತ ಯಾಕೆ ಬರೆಯಲ್ಲ ಅಂದರೆ ಮಕ್ಕಳು ಮುಖ ಮುಖ ನೋಡಿಕೊಂಡರು. ಮುಂದಿನ ಸಾಲಿನ ಹುಡುಗನೊಬ್ಬ, "ಸಾರ್, ಅದನ್ನ ನಾವೇ ಹೇಳ್ಕೊಳ್ಳೋದು ಸರಿ ಕಾಣಲ್ಲ" ಅಂದ.

ನಾನು ಒಂದು ಗಂಟೆ ಮಾತಾಡಿದ್ದು ಆ ಹುಡುಗ ಹೇಳಿದ ಒಂದು ಸಾಲಿನ ಬಗ್ಗೆಯೇ.

ಮೊದಲು ಪ್ರಾಮಾಣಿಕ ಅನ್ನೋ ಪದ ನೋಡೋಣ. ಅದರೊಳಗೆ ಇರುವುದು ಪ್ರಮಾಣ. ಪ್ರಮಾಣ ಅಂದರೆ ಅಳತೆ. "ಹೆಚ್ಚಿನ ಪ್ರಮಾಣದಲ್ಲಿ ಮಳೆ" ಅನ್ನುವಾಗ ಆ ಅರ್ಥ ಇನ್ನೂ ಬದುಕಿದೆ. ಅಳತೆಯಿಂದ ಮುಂದೆ ಹೋದರೆ ಪುರಾವೆ. ನ್ಯಾಯ ಅನ್ನುವ ಹಳೆಯ ತರ್ಕಶಾಸ್ತ್ರದವರು ಪ್ರತ್ಯಕ್ಷ (ಕಣ್ಣಾರೆ ಕಂಡದ್ದು), ಅನುಮಾನ (ಕುರುಹು ನೋಡಿ ಊಹಿಸಿದ್ದು), ಉಪಮಾನ (ಹೋಲಿಸಿ ತಿಳಿದದ್ದು), ಶಬ್ದ (ನಂಬುವಂಥವರ ಮಾತು) ಅಂತ ನಾಲ್ಕು ಪ್ರಮಾಣ ಹೇಳಿದರು, ಅಂದರೆ ಒಂದು ವಿಷಯ ನಿಜ ಅಂತ ತಿಳಿಯೋಕೆ ನಾಲ್ಕು ದಾರಿ. ಹಾಗಾಗಿ ಪ್ರಾಮಾಣಿಕ ಅಂದರೆ ಮೂಲದಲ್ಲಿ ಪುರಾವೆ ಇರುವಂಥದ್ದು, ಆಧಾರ ಇರುವಂಥದ್ದು. ಹಿಂದಿಯಲ್ಲಿ ಈಗಲೂ ಅದೇ ಅರ್ಥ. ಅಲ್ಲಿ ಪುಸ್ತಕ ಪ್ರಾಮಾಣಿಕ ಆಗಬಹುದು, ದಾಖಲೆ ಪ್ರಾಮಾಣಿಕ ಆಗಬಹುದು. ಮನುಷ್ಯನಿಗೆ ಮಾತ್ರ ಈಮಾನ್‌ದಾರ್ ಅನ್ನುತ್ತಾರೆ. ನಾವು ಮತ್ತು ಮರಾಠಿಯವರು ಅದನ್ನು ಮನುಷ್ಯನ ಗುಣಕ್ಕೆ ತಂದುಕೊಂಡೆವು. ಒಳ್ಳೆಯದೇ ಮಾಡಿದೆವು. ಆದರೆ ಪದಕ್ಕೆ ತನ್ನ ಹಳೆ ಮನೆಯ ನೆನಪು ಹೋಗಿಲ್ಲ. ಪ್ರಾಮಾಣಿಕತೆ ಅಂದ ಕೂಡಲೇ ಇವತ್ತಿಗೂ ಯಾರೋ ಒಬ್ಬರು ನೋಡುತ್ತಿರಬೇಕು, ಅಳೆಯುತ್ತಿರಬೇಕು, ಹೌದು ಅಂತ ಹೇಳುತ್ತಿರಬೇಕು.

ಕನ್ನಡದಲ್ಲಿ ಪ್ರಮಾಣಕ್ಕೆ ಆಣೆ ಅನ್ನುವ ಅರ್ಥವೂ ಇದೆ, ಅಲ್ವಾ. ಮಂತ್ರಿಗಳು ಪ್ರಮಾಣವಚನ ತಗೊಳ್ಳುತ್ತಾರೆ. ಹಳ್ಳಿ ಜಗಳ ಬಗೆಹರಿಯದೇ ಹೋದಾಗ "ನಡಿ ಧರ್ಮಸ್ಥಳಕ್ಕೆ, ಆಣೆ ಪ್ರಮಾಣ ಮಾಡು" ಅನ್ನುವುದು ಇವತ್ತಿಗೂ ನಡೆಯುತ್ತದೆ. ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ ಅಂತ ಗಾದೆಯೇ ಇದೆ. ಅಲ್ಲಿ ದೇವರು ಸಾಕ್ಷಿ. ಕಚೇರಿಯಲ್ಲಿ ಆದರೆ ಪ್ರಮಾಣಪತ್ರ, ಸೀಲು, ಸಹಿ. ಎಲ್ಲ ಕಡೆಯೂ ಸಾಕ್ಷಿ ಹೊರಗೆ ನಿಂತಿದೆ.

ಪೇಪರಿನಲ್ಲಿ ಬರುವ ಒಂದು ಶೀರ್ಷಿಕೆ ನೆನಪು ಮಾಡಿಕೊಳ್ಳಿ. ಆಟೋದಲ್ಲಿ ಯಾರೋ ಒಡವೆ ಚೀಲ ಬಿಟ್ಟು ಹೋಗಿರುತ್ತಾರೆ, ಡ್ರೈವರ್ ಹುಡುಕಿಕೊಂಡು ಹೋಗಿ ಕೊಡುತ್ತಾನೆ. ಮಾರನೇ ದಿನ "ಪ್ರಾಮಾಣಿಕತೆ ಮೆರೆದ ಆಟೋ ಚಾಲಕ". ಮೆರೆಯೋದು! ಮೆರವಣಿಗೆಯ ಮೆರೆ. ಪಾಪ, ಆತ ಮೆರೆಯಲೇ ಇಲ್ಲ, ಚೀಲ ಕೊಟ್ಟು ಬಂದ, ಅಷ್ಟೇ. ಇನ್ನೊಂದು ವಿಷಯ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಈ ಸುದ್ದಿ ಬರುವುದು ಯಾವಾಗಲೂ ಆಟೋದವರು, ಬಸ್ ಕಂಡಕ್ಟರು, ಕಸ ಗುಡಿಸುವವರ ಬಗ್ಗೆಯೇ. ದೊಡ್ಡ ಕಾರಿನವರು ಸಿಕ್ಕಿದ ಪರ್ಸನ್ನು ವಾಪಸ್ ಕೊಟ್ಟರೆ ಅದು ಸುದ್ದಿ ಆಗುವುದಿಲ್ಲ. ಯಾಕೆಂದರೆ ಅವರು ಕೊಟ್ಟೇ ಕೊಡುತ್ತಾರೆ ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೇವೆ, ಬಡವ ಕೊಟ್ಟರೆ ಮಾತ್ರ ಆಶ್ಚರ್ಯ. ಆ ಶೀರ್ಷಿಕೆಯಲ್ಲಿ ಹೊಗಳಿಕೆಯ ಜೊತೆ ಒಂದು ಅವಮಾನವೂ ಇದೆ ಅಂತ ನನಗೆ ಅನ್ನಿಸುತ್ತದೆ.

ಈಗ ನಿಯತ್ತು. "ನಿಯತ್ತು ಮೆರೆದ" ಅಂತ ಯಾರಾದರೂ ಬರೆದದ್ದು ನೋಡಿದ್ದೀರಾ? ನಾನು ನೋಡಿಲ್ಲ. ಬರೆದರೆ ಕಿವಿಗೆ ಹಿಡಿಸುವುದೂ ಇಲ್ಲ. ನಿಯತ್ತಿಗೆ ಸರ್ಟಿಫಿಕೇಟ್ ಇಲ್ಲ, ಪ್ರಶಸ್ತಿ ಇಲ್ಲ. ಹಳೆಗನ್ನಡದಲ್ಲಿ ಸತ್ಯಕ್ಕೆ ನನ್ನಿ ಅನ್ನುತ್ತಿದ್ದರು. ಗಂಗರಲ್ಲಿ ನನ್ನಿಯ ಗಂಗ ಅಂತ ಬಿರುದು ಇಟ್ಟುಕೊಂಡ ಅರಸ ಇದ್ದ, ಸಾಂತರರಲ್ಲಿ ನನ್ನಿ ಸಾಂತರ ಇದ್ದ. ಸತ್ಯವನ್ನು ಬಿರುದು ಮಾಡಿಕೊಳ್ಳಬಹುದು. ನಿಯತ್ತನ್ನು ಹಾಗೆ ಎದೆಗೆ ಅಂಟಿಸಿಕೊಳ್ಳೋಕೆ ಆಗಲ್ಲ. ಇನ್ನೊಬ್ಬರು ನಮ್ಮ ಬಗ್ಗೆ ಹೇಳಬೇಕು, ಅದೂ ನಾವು ಅಲ್ಲಿ ಇಲ್ಲದಿದ್ದಾಗ.

ಪದ ಎಲ್ಲಿಂದ ಬಂತು? ಅರಬ್ಬಿಯಿಂದ. ಅಲ್ಲಿಂದ ಫಾರಸಿಗೆ, ಫಾರಸಿಯಿಂದ ದಖನಿ ಉರ್ದುವಿಗೆ, ಅಲ್ಲಿಂದ ನಮಗೆ. ಕನ್ನಡಕ್ಕೆ ಪದದ ಕೊನೆಯಲ್ಲಿ ಬರೀ ವ್ಯಂಜನ ಇದ್ದರೆ ಬಾಯಿ ಕೂಡಲ್ಲ, ಅದಕ್ಕೆ ಒಂದು ತ್ತು ಹಚ್ಚಿಕೊಂಡಿತು. ನೀಯತ್ ಹೋಗಿ ನಿಯತ್ತು ಆಯಿತು. ಹೀಗೆ ಬಂದ ಪದಗಳ ಒಂದು ದೊಡ್ಡ ಸಂಸಾರವೇ ಇದೆ: ತಾಕತ್ತು, ಕಿಮ್ಮತ್ತು, ಕಸರತ್ತು, ದೌಲತ್ತು, ಮಸಲತ್ತು, ಕರಾಮತ್ತು. ಇದರಲ್ಲಿ ಕಡೆಯ ಮೂರನ್ನು ಹಿಡಿದು ನೋಡಿ. ದೌಲತ್ ಅಂದರೆ ಅಲ್ಲಿ ಸಂಪತ್ತು, ರಾಜ್ಯ. ನಮ್ಮಲ್ಲಿ ದೌಲತ್ತು ಅಂದರೆ ಸೊಕ್ಕು. "ಏನವನ ದೌಲತ್ತು!" ಅಂತೀವಿ. ಮಸ್ಲಹತ್ ಅಂದರೆ ಅಲ್ಲಿ ಹಿತ, ಒಳಿತನ್ನು ನೋಡಿ ಮಾಡುವ ಯೋಚನೆ. ನಮ್ಮಲ್ಲಿ ಮಸಲತ್ತು ಅಂದರೆ ಒಳಸಂಚು. ಕರಾಮತ್ ಅಂದರೆ ಸಂತರ ಪವಾಡ. ನಮ್ಮಲ್ಲಿ ಕರಾಮತ್ತು ಅಂದರೆ ಕೈಚಳಕದ ಮೋಸ. ಮೂರಕ್ಕೆ ಮೂರೂ ಇಲ್ಲಿಗೆ ಬಂದು ಕೆಟ್ಟವು.

ನಿಯತ್ತು ಮಾತ್ರ ಬೇರೆ ದಾರಿ ಹಿಡಿಯಿತು. ನೀಯತ್ ಅಂದರೆ ಮೂಲದಲ್ಲಿ ಉದ್ದೇಶ, ಬರೀ ಉದ್ದೇಶ. ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಅದಕ್ಕೇ ಹಿಂದಿ, ಉರ್ದುವಿನಲ್ಲಿ ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳೋಕೆ ಅದಕ್ಕೆ ಒಂದು ವಿಶೇಷಣ ಬೇಕು. ನೀಯತ್ ಸಾಫ್, ನೀಯತ್ ಖರಾಬ್, ನೇಕ್‌ನೀಯತ್, ಬದ್‌ನೀಯತ್. ಕನ್ನಡದಲ್ಲಿ "ಒಳ್ಳೆ ನಿಯತ್ತು, ಕೆಟ್ಟ ನಿಯತ್ತು" ಅಂತ ಇಲ್ಲವೇ ಇಲ್ಲ. ಇದೆ ಅಥವಾ ಇಲ್ಲ, ಎರಡೇ. "ಅವನಿಗೆ ನಿಯತ್ತಿದೆ" ಅಂದರೆ ಮುಗಿಯಿತು. "ನಿಯತ್ತು ಕೆಟ್ಟವನು" ಅಂದರೂ ಇದ್ದ ನಿಯತ್ತು ಹೋಯಿತು ಅಂತಲೇ ಅರ್ಥ. ಉದ್ದೇಶ ಅನ್ನುವ ಒಂದು ಸಾದಾ ಪದವನ್ನು ತಗೊಂಡು ಕನ್ನಡದ ಜನ ಅದನ್ನು ಒಳ್ಳೆಯತನದ ಹೆಸರು ಮಾಡಿಬಿಟ್ಟರು. ಖಜಾನೆ, ಜಮೀನು, ಅರ್ಜಿ, ವಸೂಲಿ, ಬಾಕಿ ಇವೆಲ್ಲ ಕಚೇರಿಯ ಮೂಲಕ ಮೇಲಿನಿಂದ ಇಳಿದು ಬಂದ ಪದಗಳು. ನಿಯತ್ತು ಹಾಗೆ ಬಂದಿರಲಾರದು ಅಂತ ನನ್ನ ಅನಿಸಿಕೆ. ಸಂತೆಯಲ್ಲಿ, ಗಾಡಿ ಅಡ್ಡೆಯಲ್ಲಿ, ಮಗ್ಗದ ಹತ್ತಿರ, ಜೊತೆಗೆ ಕೂತು ದುಡಿಯುವವರ ಬಾಯಿಂದ ಬಾಯಿಗೆ ಬಂದಿರಬೇಕು. ಅದಕ್ಕೇ ಅದು ಇವತ್ತಿಗೂ ದುಡಿಮೆಯ ಪಕ್ಕದಲ್ಲೇ ಕಾಣಿಸುತ್ತದೆ. "ನಿಯತ್ತಾಗಿ ದುಡಿದು ತಿನ್ನು" ಅಂತೀವಿ. "ನಿಯತ್ತಾಗಿ ಮಾತಾಡು" ಅಂತ ಅಪರೂಪ.

ಇಲ್ಲಿಗೆ ಬಂದಾಗ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಕೈ ಎತ್ತಿದಳು. "ರಂಜಾನ್‌ನಲ್ಲಿ ರೋಜಾ ಹಿಡಿಯೋಕೆ ನಮ್ಮನೇಲಿ ನೀಯತ್ ಮಾಡ್ತೀವಿ. ಇದೂ ಅದೂ ಒಂದೇ ಪದನಾ?" ಒಂದೇ ಪದ. ಪ್ರವಾದಿ ಮುಹಮ್ಮದರ ಮಾತು, ನಡೆಗಳನ್ನು ಹೇಳುವ ಹದೀಸ್‌ಗಳನ್ನು ಬುಖಾರಿ ಅನ್ನುವ ವಿದ್ವಾಂಸರು ಸಂಗ್ರಹಿಸಿದರು, ಆ ಸಂಗ್ರಹದಲ್ಲಿ ಮೊಟ್ಟ ಮೊದಲನೆಯ ಮಾತೇ ಇದು, ಮಾಡುವ ಕೆಲಸಕ್ಕೆ ಬೆಲೆ ಬರುವುದು ಅದರ ಹಿಂದಿನ ನೀಯತ್‌ನಿಂದ ಅಂತ. ಹಸಿದುಕೊಂಡಿದ್ದ ಮಾತ್ರಕ್ಕೆ ಉಪವಾಸ ಆಗುವುದಿಲ್ಲ. ಉಪವಾಸ ಮಾಡುತ್ತೇನೆ ಅಂತ ಮನಸ್ಸು ಮಾಡಿರಬೇಕು. ಅದು ಮನಸ್ಸಿನೊಳಗೆ ಆಗುವಂಥದ್ದು, ಪಕ್ಕದಲ್ಲಿ ಕೂತವರಿಗೂ ಗೊತ್ತಾಗಲ್ಲ. ನಾನು ಆ ಹುಡುಗಿಗೆ ಹೇಳಿದೆ: ನಿಮ್ಮ ಮನೆಯಲ್ಲಿ ವರ್ಷಕ್ಕೊಂದು ತಿಂಗಳು ದಿನಾ ಮಾಡುವುದನ್ನು ನಮ್ಮಜ್ಜಿ ಸುಮ್ನೆ ಕೆಲಸದ ಮಾತಾಗಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಅವಳಿಗೆ ಅರಬ್ಬಿ ಅಂದರೆ ಏನು ಅಂತಲೂ ಗೊತ್ತಿರಲಿಲ್ಲ.

ಒಂದು ಪದ ಬೇರೆ ನೆಲದಿಂದ ಬಂದು ಹೀಗೆ ಬೇರು ಬಿಡಬೇಕಾದರೆ ಇಲ್ಲಿ ಮೊದಲೇ ಹದ ಮಾಡಿದ ಮಣ್ಣು ಇರಬೇಕು. ಇತ್ತು. "ಉಂಡ ಮನೆಗೆ ಎರಡು ಬಗೆಯಬೇಡ" ಅನ್ನುವ ಮಾತು ಎಲ್ಲರಿಗೂ ಗೊತ್ತು. ಬಗೆ ಅಂದರೆ ಏನು? ಬಗೆ ಅಂದರೆ ಮನಸ್ಸು, ಎಣಿಕೆ, ಅಂದುಕೊಳ್ಳುವುದು. ದ್ರೋಹ ಬಗೆದ, ಕೇಡು ಬಗೆದ ಅಂತೀವಲ್ಲ, ಅದೇ. ಎರಡು ಬಗೆಯೋದು ಅಂದರೆ ಬಾಯಲ್ಲಿ ಒಂದು, ಮನಸ್ಸಿನಲ್ಲಿ ಒಂದು ಇಟ್ಟುಕೊಳ್ಳೋದು. ಮೋಸಕ್ಕೆ ಕನ್ನಡ ಕೊಟ್ಟ ಹೆಸರೇ "ಎರಡು" ಅಂತ. ಹಾಗಾದರೆ ಎರಡು ಬಗೆಯದೆ ಇರುವುದಕ್ಕೆ, ಒಂದೇ ಬಗೆಗೆ, ಹೆಸರು ಬೇಕಿತ್ತು. ಉದ್ದೇಶ ಅನ್ನುವ ಅರ್ಥದ ಈ ಪದ ಬಂದು ಸರಿಯಾಗಿ ಆ ಖಾಲಿ ಜಾಗದಲ್ಲಿ ಕೂತಿತು.

ಅಜ್ಜಿಯ ವಿಷಯ ಬಂತಲ್ಲ, ಅದನ್ನ ಹೇಳಲೇಬೇಕು. ನಮ್ಮ ಕಡೆ ಆಗ ಕುಯ್ಲಿನ ಕೂಲಿ ಭತ್ತದಲ್ಲೇ ಕೊಡುತ್ತಿದ್ದರು. ಕಣದಲ್ಲಿ ರಾಶಿ, ರಾಶಿ ಪಕ್ಕದಲ್ಲಿ ಸೇರು. ಅಳೆಯುವವನು ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದ. ಲಾಭ, ಎರಡು, ಮೂರು. ಅಜ್ಜಿ ಕಂಬಕ್ಕೆ ಒರಗಿ ನಿಂತು ಅವನ ಕೈ ನೋಡುತ್ತಿದ್ದಳು. ಸೇರನ್ನು ಅಂಚಿನಲ್ಲಿ ಹಿಡಿಯುವಾಗ ಹೆಬ್ಬೆರಳು ಒಳಗೆ ಹೋಗುತ್ತದೆ ನೋಡಿ, ನಾವೆಲ್ಲ ಲೋಟ ಎತ್ತುವಾಗ ಆಗುವ ಹಾಗೆ. ಹೆಬ್ಬೆರಳು ಒಳಗಿದ್ದರೆ ಅಷ್ಟು ಜಾಗಕ್ಕೆ ಭತ್ತ ಕಡಿಮೆ. ಒಂದು ಸೇರಿಗೆ ಒಂದು ಚಿಟಿಕೆ ಇರಬಹುದು. ಇಡೀ ಕುಯ್ಲಿಗೆ ಲೆಕ್ಕ ಹಾಕಿದರೆ ಒಂದು ಮನೆಯ ಒಂದು ಹೊತ್ತಿನ ಊಟ. "ಹೆಬ್ಬೆರಳು ಆಚೆ ಇಡಪ್ಪ, ನಿಯತ್ತಾಗಿ ಅಳಿ" ಅನ್ನುತ್ತಿದ್ದಳು. ಅವನೇನೂ ಬೇಕು ಅಂತ ಮಾಡುತ್ತಿರಲಿಲ್ಲ, ಕೈಗೆ ಅದೇ ರೂಢಿ ಆಗಿತ್ತು. ಆ ಭತ್ತ ಉಳಿದರೆ ನಮ್ಮ ಮನೆಗೇ ಉಳಿಯುತ್ತಿತ್ತು ಅನ್ನುವುದನ್ನೂ ನೀವು ಗಮನಿಸಬೇಕು.

ಆ ಸೇರಿನ ಮೈಮೇಲೆ ಸರ್ಕಾರದ ಮುದ್ರೆ ಇತ್ತು. ಅಳತೆ ಸರಿಯಾಗಿಯೇ ಇತ್ತು. 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂದು ದೇಶಕ್ಕೆಲ್ಲ ಕಿಲೋ, ಲೀಟರು ಆಯಿತು. ಆದರೂ ಹಳ್ಳಿಗಳಲ್ಲಿ ಸೇರು ಬಹಳ ವರ್ಷ ಓಡಾಡಿತು. ಈಗ ಎಲೆಕ್ಟ್ರಾನಿಕ್ ತಕ್ಕಡಿ. ಎಲ್ಲದಕ್ಕೂ ತಪಾಸಣೆ, ಎಲ್ಲದಕ್ಕೂ ಸೀಲು. ಅದು ಬೇಕೇ ಬೇಕು, ನಾನು ಬೇಡ ಅನ್ನುತ್ತಿಲ್ಲ. ಪಾತ್ರೆ ಪ್ರಾಮಾಣಿಕವಾಗಿರಬೇಕು. ಆದರೆ ಹೆಬ್ಬೆರಳಿಗೆ ಯಾರು ಮುದ್ರೆ ಹಾಕುತ್ತಾರೆ ಹೇಳಿ.

ಇದೇ ಊರಿನ ಸುತ್ತಮುತ್ತ ಎರಡು ಸೇರು ಇಟ್ಟುಕೊಂಡ ಮನೆಗಳೂ ಇದ್ದವು. ಕೊಡುವಾಗ ಒಂದು, ತಗೊಳ್ಳುವಾಗ ಒಂದು. ಎರಡು ಬಗೆಯೋದು ಅನ್ನುವುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಉದಾಹರಣೆ ನನಗೆ ಸಿಕ್ಕಿಲ್ಲ.

12ನೇ ಶತಮಾನದ ಕಲ್ಯಾಣದ ಒಂದು ಕಥೆ ಇದೆ, ನಿಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿರುತ್ತದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಮಾರಯ್ಯ ದಿನಾ ತರುವುದಕ್ಕಿಂತ ಜಾಸ್ತಿ ತಂದ. ಅದು ಕದ್ದದ್ದಲ್ಲ. ನೆಲದ ಮೇಲೆ ಬಿದ್ದದ್ದೇ. ಯಾರೂ ಕೇಳುವವರಿಲ್ಲ. ಲೋಕದ ಕಣ್ಣಿನಲ್ಲಿ ತಪ್ಪೇ ಇಲ್ಲ. ಲಕ್ಕಮ್ಮ ಅಕ್ಕಿ ನೋಡಿದಳು, ಇವತ್ತು ಯಾಕಿಷ್ಟು ಅಂದಳು, ಹೆಚ್ಚಿನದ್ದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಚಿಕ್ಕವನಿದ್ದಾಗ ಈ ಕಥೆ ನನಗೆ ಅತಿ ಅನ್ನಿಸಿತ್ತು. ಬಿದ್ದ ಅಕ್ಕಿ ತಾನೇ, ಹಕ್ಕಿ ತಿನ್ನುತ್ತಿತ್ತು, ತಂದರೆ ಏನಾಯಿತು? ಈಗ ಅರ್ಥ ಆಗುತ್ತದೆ. ಅವಳು ಅಳೆದದ್ದು ಅಕ್ಕಿಯನ್ನಲ್ಲ. ಆ ಹೆಚ್ಚಿನ ಹಿಡಿ ಎತ್ತಿಕೊಳ್ಳುವಾಗ ಗಂಡನ ಮನಸ್ಸಿನಲ್ಲಿ ಇನ್ನೊಂದು ಬಗೆ ಹುಟ್ಟಿತಲ್ಲ, ನಾಳೆಗಿರಲಿ ಅಂತ, ಅದನ್ನು ಹಿಡಿದಳು. ನಿಯತ್ತು ಅನ್ನುವ ಪದ ಆಗ ಕನ್ನಡಕ್ಕೆ ಬಂದೇ ಇರಲಿಲ್ಲ. ಲಕ್ಕಮ್ಮ ಮಾಡಿದ್ದು ಮಾತ್ರ ಅದೇ.

ಈ ಪದದ ಬಗ್ಗೆ ನನಗೆ ಒಂದು ದೊಡ್ಡ ನೋವೂ ಇದೆ. ಸಭೆಯಲ್ಲಿ ಹೇಳುವಾಗ ದನಿ ಸ್ವಲ್ಪ ಏರಿತು, ಕ್ಷಮಿಸಿ ಅಂತ ಆಗಲೂ ಕೇಳಿರಲಿಲ್ಲ, ಈಗಲೂ ಕೇಳಲ್ಲ. ನಿಯತ್ತು ಅಂದ ಕೂಡಲೇ ನಾಯಿ ಯಾಕೆ ನೆನಪಾಗಬೇಕು? ಯಾಕೆಂದರೆ ನಾವು ಈ ಪದವನ್ನು ಕೆಳಗಿರುವವರ ಕಡೆಗೇ ತಿರುಗಿಸಿ ಇಟ್ಟಿದ್ದೇವೆ. ನಿಯತ್ತಿನ ಆಳು ಅಂತೀವಿ. ನಿಯತ್ತಿನ ಧಣಿ ಅಂತ ಎಷ್ಟು ಸಲ ಕೇಳಿದ್ದೀರಿ? ಮನೆಕೆಲಸದವಳಿಗೆ ನಿಯತ್ತಿರಬೇಕು, ಡ್ರೈವರ್‌ಗೆ ನಿಯತ್ತಿರಬೇಕು, ಅಂಗಡಿ ಹುಡುಗನಿಗೆ ಇರಬೇಕು. ಅವರಿಗೆ ಸಂಬಳ ಕೊಡುವವರಿಗೆ ಬೇಡವೇ? ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅಂತ ಗಾದೆ ಇದೆ. ಉಪ್ಪು ತಿಂದವನಿಗೆ ಹೇಳಿದ ಮಾತು ಅದು. ಮುಪ್ಪಿನ ತನಕ ಗದ್ದೆಯಲ್ಲಿ ಬೆವರು ಸುರಿಸಿದವನನ್ನು ನೆನೆ ಅಂತ ಉಪ್ಪಿಟ್ಟವರಿಗೆ ಹೇಳುವ ಗಾದೆ ನನಗೆ ಸಿಕ್ಕಿಲ್ಲ.

ಜೀತ ಇದ್ದ ಕಾಲ ಬಹಳ ಹಿಂದಿನದೇನೂ ಅಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ಜೀತ. ಸಾಲದ ಪತ್ರದಲ್ಲಿ ಏನು ಬರೆದಿದೆ ಅಂತ ಓದೋಕೆ ಬಾರದವನು ಹೆಬ್ಬೆಟ್ಟು ಒತ್ತುತ್ತಿದ್ದ, ಒತ್ತಿದ ಮಾತಿಗೆ ಬದ್ಧನಾಗಿ ವರ್ಷಗಟ್ಟಲೆ ದುಡಿಯುತ್ತಿದ್ದ, ಸಾಲ ಮಾತ್ರ ತೀರುತ್ತಲೇ ಇರಲಿಲ್ಲ. ಓಡಿಹೋದರೆ ಊರೆಲ್ಲ "ನಿಯತ್ತಿಲ್ಲದ ನನ್ಮಗ" ಅನ್ನುತ್ತಿತ್ತು. ಪತ್ರ ಬರೆದವನ ನಿಯತ್ತಿನ ಬಗ್ಗೆ ಊರು ಮಾತಾಡುತ್ತಿರಲಿಲ್ಲ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದು ಆ ಸಾಲಗಳೂ ರದ್ದು ಅಂತ ಹೇಳಿತು. ನಾನು ಆ ಕಾಯ್ದೆಯನ್ನು ಭಾಷೆಯ ಕಣ್ಣಿನಿಂದಲೂ ಓದುತ್ತೇನೆ. ಎರಡು ಬಗೆದು ಬರೆಸಿಕೊಂಡ ಪತ್ರಕ್ಕೆ ಯಾರೂ ನಿಯತ್ತು ತೋರಿಸಬೇಕಾಗಿಲ್ಲ ಅಂತ ಅದು ಹೇಳಿದ ಹಾಗೆ ನನಗೆ ಕೇಳಿಸುತ್ತದೆ.

ಒಬ್ಬ ಹುಡುಗ ಕೇಳಿದ, "ಹಾಗಾದ್ರೆ ಈ ಪದ ಬಿಟ್ಟುಬಿಡೋದೇ ಒಳ್ಳೇದಲ್ವಾ ಸಾರ್?" ಬೇಡಪ್ಪ. ಪದದ ತಪ್ಪಲ್ಲ ಅದು. ನಾವು ಒಂದೇ ಕಡೆ ಬಳಸಿದ್ದರ ತಪ್ಪು. ಮೇಲಕ್ಕೂ ಬಳಸಿ. "ಆ ಕಂಪನಿಗೆ ನಿಯತ್ತಿಲ್ಲ, ಮೂರು ತಿಂಗಳ ಸಂಬಳ ಉಳಿಸಿಕೊಂಡಿದೆ" ಅಂತ ಹೇಳಿ ನೋಡಿ. ಎಷ್ಟು ಸರಿಯಾಗಿ ಕೂರುತ್ತದೆ! "ಓಟು ಹಾಕಿದ ಜನಕ್ಕೆ ನಿಯತ್ತಾಗಿರು" ಅಂತ ಆರಿಸಿ ಬಂದವರಿಗೆ ಹೇಳಿ. ಮೇಷ್ಟರಿಗೆ ಹೇಳಿ, ನನಗೂ ಹೇಳಿ.

ಇನ್ನೊಂದು ಸಣ್ಣ ವಿಷಯ. ಈಗ ಎಲ್ಲರ ಬಾಯಲ್ಲೂ "ಪ್ರಾಮಾಣಿಕವಾಗಿ ಹೇಳಬೇಕೆಂದರೆ" ಅಂತ ಬರುತ್ತಿದೆ. ಇಂಗ್ಲಿಷಿನಿಂದ ಹಾಗೇ ಎತ್ತಿಕೊಂಡದ್ದು. ನಮ್ಮಲ್ಲಿ "ನಿಜ ಹೇಳಬೇಕು ಅಂದ್ರೆ" ಇದೆ, ಉತ್ತರ ಕರ್ನಾಟಕದಲ್ಲಿ "ಖರೇ ಹೇಳಬೇಕಂದ್ರ" ಇದೆ, "ಇದ್ದದ್ದು ಇದ್ದ ಹಾಗೆ" ಇದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುವ ಗಾದೆಯಂತೂ ನನಗೆ ಬಲು ಇಷ್ಟ. ಕನ್ನಡ ಮಾತಿನ ನಿಜಕ್ಕೆ ಒಂದು ಪದ, ನಡತೆಯ ನಿಜಕ್ಕೆ ಇನ್ನೊಂದು ಪದ ಇಟ್ಟುಕೊಂಡಿದೆ. ಸತ್ಯ, ನಿಜ, ದಿಟ, ಖರೆ ಇವೆಲ್ಲ ಮಾತಿನ ಕಡೆಯವು. ಪುಣ್ಯಕೋಟಿಯದು ಸತ್ಯ, ಯಾಕೆಂದರೆ ಅವಳು ಮಾತು ಕೊಟ್ಟಿದ್ದಳು. ನಿಯತ್ತಿಗೆ ಮಾತು ಕೊಟ್ಟಿರಬೇಕು ಅಂತೇನೂ ಇಲ್ಲ. ಭಾಷೆ ಕೊಟ್ಟಿಲ್ಲ, ಸಹಿ ಹಾಕಿಲ್ಲ, ಕೇಳುವವರೂ ಇಲ್ಲ, ಆದರೂ ಮಾಡುವುದು.

ನಿಮ್ಮ ಊರಿನಲ್ಲಿ ಈಗ ಇಂಥದ್ದು ಎಲ್ಲಿ ಕಾಣಿಸುತ್ತದೆ ಅಂತ ಕೊನೆಗೆ ಒಬ್ಬಳು ಕೇಳಿದಳು. ಹೂವಿನ ಅಂಗಡಿಯಲ್ಲಿ ಅಂದೆ. ಹೂವನ್ನು ನಾವು ಮೊಳದ ಲೆಕ್ಕದಲ್ಲಿ ಕೊಳ್ಳುತ್ತೇವೆ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿಯ ತನಕ. ಯಾರ ಮೊಣಕೈ? ಮಾರುವವರದ್ದು. ಯಾವ ಕಾಯ್ದೆಯೂ ಅದಕ್ಕೆ ಮುದ್ರೆ ಹಾಕಿಲ್ಲ. ನಾನು ದಿನಾ ಹೂವು ತರುವ ಮೂಲೆಯಲ್ಲಿ ಒಬ್ಬ ಹೆಂಗಸು ಕೂರುತ್ತಾರೆ. ತುಂಬಾ ಗಿಡ್ಡ ಆಳು, ಕೈಯೂ ಚಿಕ್ಕದು. ಮಲ್ಲಿಗೆ ದಿಂಡನ್ನು ಮೊಣಕೈಗೆ ಹಿಡಿದು ಬೆರಳ ತುದಿಗೆ ಎಳೆಯುತ್ತಾರೆ. ಅಲ್ಲಿಗೆ ಒಂದು ಮೊಳ ಆಯಿತು, ಕತ್ತರಿಸಬಹುದು. ಕತ್ತರಿಸಲ್ಲ. ಬೆರಳ ತುದಿಯಿಂದ ಆಚೆಗೆ ಇನ್ನೂ ನಾಲ್ಕು ಬೆರಳು ಬಿಟ್ಟು, ಅಲ್ಲಿ ದಾರ ಕಡಿಯುತ್ತಾರೆ. ಯಾಕಮ್ಮ, ಕೊಸರಾ ಅಂತ ಒಂದು ದಿನ ಕೇಳಿದೆ. ಕೊಸರು ಬೇರೆ ಹಾಕ್ತೀನಿ ತಗೋ ಅಂತ ಒಂದು ತುಂಡು ಕನಕಾಂಬರವನ್ನು ಎಲೆಯ ಮೇಲಿಟ್ಟರು. "ಇದು ಕೊಸರಲ್ಲಪ್ಪ. ನನ್ ಕೈ ಗಿಡ್ಡ ಅಲ್ವಾ" ಅಂದರು.